ಕೊಡೆಯ ಅಡಿಯನ್ನು ನೋಡಿರಿ

ಮಳೆ ಹಿಡಿದು ಎರಡು ವಾರವಾಯಿತೆಂದರೆ ನಮ್ಮ ವಾಚನಾಲಯದಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ರವಿವಾರ ಬೋರಿವಲಿಯ ಕಾಡಿಗೋ, ಆರೆಯ ಕಡೆಗೋ, ಠಾಣೆಯ ಯೇವೂರು ಗುಡ್ಡಕ್ಕೋ ತಿರುಗಾಡಲು ಹೋದವರು ಕರವಸ್ತ್ರದಲ್ಲಿ ನಾಲ್ಕು ಅಣಬೆ ಕಟ್ಟಿಕೊಂಡು ಬರುತ್ತಾರೆ. “ಇದು ನಮ್ಮೂರಿನದೇ ಅಲ್ಲವೆ? ಸಾರು ಮಾಡಬಹುದಲ್ಲ?” ಎಂದು ಕೇಳುತ್ತಾರೆ. ಗಿರಣಿಯ ಲೆಕ್ಕ ಬರೆಯುವ ನಾವು ಸಸ್ಯಶಾಸ್ತ್ರದ ಪಂಡಿತರಲ್ಲ. ಆದರೂ ಈ ವಿಷಯದಲ್ಲಿ ಓದಿ ತಿಳಿದುಕೊಂಡುದನ್ನು ಈ ಸಂಚಿಕೆಯಲ್ಲಿ ಪಾಠದ ರೂಪದಲ್ಲಿ ಬರೆಯುತ್ತಿದ್ದೇವೆ. ಮೊದಲೇ ಒಂದು ಮಾತು. ಅಣಬೆಯನ್ನು ಗುರುತಿಸಲು ಕಲಿಯುವುದು ಬೇರೆ, ತಿನ್ನುವುದು ಬೇರೆ. ಈ ಪಾಠವು ಗುರುತಿಸುವುದಕ್ಕೆ ಮಾತ್ರ.

ಘಟ್ಟದ ಕೆಳಗಿನವರಿಗೆ ಅಣಬೆಯೆಂದರೆ ಮಳೆಗಾಲದ ಮೊದಲ ಹಬ್ಬ. ತುಳುವಿನಲ್ಲಿ ಅಲಂಬು, ಇಲ್ಲಿನ ಮರಾಠಿಯಲ್ಲಿ ಅಳಂಬಿ. ಹೆಸರು ಕೇಳಿದರೇ ನೆಂಟಸ್ತಿಕೆ ತಿಳಿಯುತ್ತದೆ. ಯಾವ ಹುತ್ತದ ಬಳಿ ಯಾವ ಗುಡುಗಿಗೆ ಏಳುತ್ತದೆ, ಯಾವುದು ಅಡಿಗೆಗೆ, ಯಾವುದು ನಾಯಿಕೊಡೆ ಎಂಬುದನ್ನು ನಮ್ಮ ಅಜ್ಜಿಯಂದಿರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಆ ತಿಳಿವಳಿಕೆ ಸುಳ್ಳಲ್ಲ. ಆದರೆ ಅದು ಆ ಹುತ್ತಕ್ಕೆ, ಆ ಮರಕ್ಕೆ, ಆ ಮಣ್ಣಿಗೆ ಸೇರಿದ ತಿಳಿವಳಿಕೆ. ಮಂಗಳೂರಿನಿಂದಲೋ ಕಾರವಾರದಿಂದಲೋ ಗಂಟು ಕಟ್ಟಿಕೊಂಡು ಮುಂಬಯಿಗೆ ಬಂದಾಗ ನಮ್ಮ ಜೊತೆ ಬಂದದ್ದು ಅಣಬೆಯ ಚಿತ್ರ ಮಾತ್ರ. ಹುತ್ತವೂ ಮರವೂ ಅಲ್ಲಿಯೇ ಉಳಿದವು.

ಊರು ಬಿಟ್ಟವರಿಗೇ ಇದರಿಂದ ಹೆಚ್ಚಿನ ಅಪಾಯವೆಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಇದೆ. ಚೀನ ಮತ್ತು ಆಗ್ನೇಯ ಏಶಿಯದ ಜನರು ಬತ್ತದ ಹುಲ್ಲಿನ ಮೇಲೆ ಬೆಳೆಯುವ ಅಣಬೆಯನ್ನು ತಲೆಮಾರುಗಳಿಂದ ತಿನ್ನುತ್ತಾರೆ. ಅದು ಎಳೆಯದಾಗಿದ್ದಾಗ ಮೊಟ್ಟೆಯಂತಿದ್ದು, ಒಡೆದು ಕೊಡೆಯಾಗುತ್ತದೆ, ಬುಡದಲ್ಲಿ ಒಂದು ಬಟ್ಟಲು ಉಳಿಯುತ್ತದೆ. ಆಸ್ಟ್ರೇಲಿಯದ ಕ್ಯಾನ್ಬೆರಾ ನಗರದಲ್ಲಿ ಓಕ್ ಮರದ ಕೆಳಗೆ ಸುಮಾರಾಗಿ ಅದೇ ರೂಪದ ಇನ್ನೊಂದು ಅಣಬೆ ಏಳುತ್ತದೆ. ಇಂಗ್ಲಿಷಿನವರು ಅದಕ್ಕೆ ಮರಣದ ಟೊಪ್ಪಿಗೆ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ೨೦೧೧ರ ಕೊನೆಯ ರಾತ್ರಿ ಹೊಸ ವರುಷದ ಊಟಕ್ಕೆ ಅಂಥ ಅಣಬೆಯನ್ನು ಚೀನದಿಂದ ಬಂದಿದ್ದ ಒಬ್ಬ ಅಡಿಗೆಯವರು ಬೇಯಿಸಿದರು. ೨೦೧೨ರ ಜನವರಿ ಮೊದಲ ವಾರದಲ್ಲಿ ಅವರೂ ಜೊತೆಗೆ ಉಂಡವರಲ್ಲಿ ಇನ್ನೊಬ್ಬರೂ ತೀರಿಕೊಂಡರು. ಅಡಿಗೆಯೇ ಕಸುಬಾಗಿದ್ದ ಮನುಷ್ಯ! ಆ ಅಣಬೆಯೂ ಅಲ್ಲಿನದಲ್ಲ. ಯುರೋಪಿನ ಮರಗಳನ್ನು ತಂದು ನೆಟ್ಟಾಗ ಬೇರಿನ ಜೊತೆಗೆ ಬಂದದ್ದು. ನಮ್ಮ ದೇಶದಲ್ಲಿಯೇ ೨೦೨೨ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡಿನ ಅಣಬೆ ತಿಂದು ೧೩ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾ ತೋಟದ ಕೂಲಿ ಕುಟುಂಬಗಳವರು.

ಇನ್ನು ಪಾಠಕ್ಕೆ ಬರೋಣ.

ನಾವು ಅಣಬೆ ಎನ್ನುವುದು ಒಂದು ಹಣ್ಣು ಇದ್ದ ಹಾಗೆ. ಮರವು ನೆಲದೊಳಗಿದೆ. ನೂಲಿಗಿಂತ ತೆಳುವಾದ ಎಳೆಗಳು ಮಣ್ಣಿನಲ್ಲಿ, ಕೊಳೆತ ಸೌದೆಯಲ್ಲಿ, ಬೇರಿನ ಸುತ್ತ ಹಬ್ಬಿರುತ್ತವೆ. ನೂಲಿನ ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ತಾಗಿದಾಗ ಆ ಎಳೆಗಳು ಒಂದೆಡೆ ಸೇರಿ ಮೇಲಕ್ಕೆ ಕೊಡೆ ಎತ್ತುತ್ತವೆ. ಕೊಡೆಯ ಕೆಲಸ ಒಂದೇ, ಧೂಳಿಗಿಂತ ಸಣ್ಣ ಬೀಜಕಣಗಳನ್ನು ಗಾಳಿಗೆ ಬಿಡುವುದು. ಆ ಧೂಳು ಹುಟ್ಟುವುದು ಕೊಡೆಯ ಅಡಿಯಲ್ಲಿ. ಆದುದರಿಂದ ಅಣಬೆಯ ಕುಲ ತಿಳಿಯಬೇಕಾದವನು ಮೇಲಿನ ಬಣ್ಣಕ್ಕೆ ಮರುಳಾಗದೆ ಕೊಡೆಯನ್ನು ಮಗುಚಿ ನೋಡಬೇಕು. ಬಣ್ಣವು ಒಂದು ಜೋರು ಮಳೆಗೆ ತೊಳೆದು ಹೋಗುತ್ತದೆ, ಬಿಸಿಲಿಗೆ ಮಾಸುತ್ತದೆ. ಅಡಿಯ ಕಟ್ಟಡ ಅಷ್ಟು ಸುಲಭವಾಗಿ ಮಾರ್ಪಡುವುದಿಲ್ಲ.

ಮಗುಚಿದಾಗ ಹೆಚ್ಚಾಗಿ ಕಾಣುವುದು ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತ ತೆಳು ಪಟ್ಟಿಗಳು. ಊರಿನ ಹುತ್ತದ ಅಣಬೆ, ಅಂಗಡಿಯ ಬಿಳಿ ಗುಂಡಿ ಅಣಬೆ, ಮೇಲೆ ಹೇಳಿದ ಮರಣದ ಟೊಪ್ಪಿಗೆ, ಎಲ್ಲವೂ ಹಾಳೆಯವೇ. ಆದುದರಿಂದ ಹಾಳೆ ಕಂಡ ಮಾತ್ರಕ್ಕೆ ಏನೂ ತಿಳಿದಂತಾಗಲಿಲ್ಲ. ಕೆಲವು ಅಣಬೆಗಳ ಅಡಿಯಲ್ಲಿ ಮಾತ್ರ ಹಾಳೆಯ ಬದಲು ಸೂಜಿಯಿಂದ ಚುಚ್ಚಿದಂತೆ ಸಾವಿರಾರು ತೂತುಗಳಿರುತ್ತವೆ. ಇವುಗಳಲ್ಲಿ ನೆಲದಿಂದ ಏಳುವ, ಮೆತ್ತಗಿನ ಮಾಂಸದ ಗುಂಪನ್ನು ಶಾಸ್ತ್ರದಲ್ಲಿ ಬೊಲೀಟ್ ಎನ್ನುತ್ತಾರೆ. ಈ ಹೆಸರಿನದೂ ಒಂದು ತಮಾಷೆ. ಹಳೆಯ ರೋಮಿನವರು ಬೊಲೀಟಸ್ ಎಂದು ಕರೆಯುತ್ತಿದ್ದುದು ತೂತಿನ ಅಣಬೆಯನ್ನಲ್ಲ, ಹಾಳೆಯುಳ್ಳ ಬೇರೊಂದನ್ನು. ಕ್ರಿ.ಶ. ೫೪ರಲ್ಲಿ ಸತ್ತ ಚಕ್ರವರ್ತಿ ಕ್ಲಾಡಿಯಸ್‌ಗೆ ಅದರಲ್ಲಿಯೇ ವಿಷವಿಕ್ಕಿದರೆಂದು ಅಲ್ಲಿನ ಇತಿಹಾಸಕಾರರು ಬರೆದಿದ್ದಾರೆ. ಹೆಸರು ಅದೇ, ವಸ್ತು ಬೇರೆ. ಅಳಂಬಿ, ಅಲಂಬು ಎಂಬ ಒಂದೇ ಸದ್ದಿಗೆ ಮೋಸಹೋಗುವ ನಮಗೂ ಇದು ನೆನಪಿನಲ್ಲಿರಲಿ.

ಬೊಲೀಟನ್ನು ಗುರುತಿಸುವ ಕ್ರಮ ಹೀಗಿದೆ. ಕೊಡೆ ದಪ್ಪ, ಬನ್ನಿನಂತೆ ಉಬ್ಬಿರುತ್ತದೆ. ಕಾಲು ನಡುವೆ ನಿಂತು, ಹಲವು ಸಲ ಬುಡದಲ್ಲಿ ಹೊಟ್ಟೆ ಬಂದಿರುತ್ತದೆ. ಅಡಿಯ ತೂತುಗಳ ಪದರವು ಸ್ಪಂಜಿನಂತೆ. ಬೆರಳಿನಿಂದ ಮೆಲ್ಲಗೆ ಒತ್ತಿ ಎಬ್ಬಿಸಿದರೆ ಅದು ಕೊಡೆಯ ಮಾಂಸದಿಂದ ಬಿಟ್ಟುಕೊಂಡು ಬರುತ್ತದೆ. ಒಳಗೆ ನೋಡಿದರೆ ಪ್ರತಿ ತೂತೂ ಒಂದು ಸಣ್ಣ ಕೊಳವೆಯ ಬಾಯಿ ಎಂದು ತಿಳಿಯುತ್ತದೆ. ಇದೇ ಮುಖ್ಯ ಪರೀಕ್ಷೆ. ಏಕೆಂದರೆ ಮರದ ಬೊಡ್ಡೆಗೆ ಗೂಡಿನ ಹಲಗೆಯಂತೆ ಅಂಟಿಕೊಂಡಿರುವ ಗಟ್ಟಿ ಅಣಬೆಗಳಿಗೂ ಅಡಿಯಲ್ಲಿ ತೂತುಗಳುಂಟು. ಅವು ಸೌದೆಯಂತೆ ಬಿರುಸು, ತಿಂಗಳುಗಟ್ಟಲೆ ಇರುತ್ತವೆ, ತೂತಿನ ಪದರ ಸುಲಿದು ಬಾರದು. ಬೊಲೀಟ್ ಆದರೋ ನಾಲ್ಕೈದು ದಿನಗಳಲ್ಲಿ ಹುಳು ಬಿದ್ದು ಕೊಳೆತು ನೀರಾಗುತ್ತದೆ.

ಕುಲ ತಿಳಿದ ಮೇಲೆ ಜಾತಿ. ಇದಕ್ಕೆ ಕಾಲಿನ ಮೇಲ್ಮೈಯನ್ನು ನೋಡಬೇಕು: ಬಲೆಯ ಗೆರೆಗಳಿವೆಯೇ, ಚುಕ್ಕೆಗಳಿವೆಯೇ, ನುಣುಪೇ? ತೂತುಗಳ ಬಾಯಿ ಬಿಳಿಯೇ, ಹಳದಿಯೇ, ಕೆಂಪೇ? ಬಳಿಕ ಚೂರಿಯಿಂದ ಕೊಡೆ ಕಾಲು ಎರಡನ್ನೂ ಉದ್ದಕ್ಕೆ ಸೀಳಿ ಐದು ನಿಮಿಷ ಕಾಯಬೇಕು. ಕೆಲವು ಬೊಲೀಟುಗಳ ಹಳದಿ ಮಾಂಸ ಗಾಳಿ ತಾಗಿದೊಡನೆ ಕಣ್ಣೆದುರಿಗೇ ಶಾಯಿಯಂತೆ ನೀಲಿಯಾಗುತ್ತದೆ. ಮೊದಲ ಸಲ ನೋಡಿದವರು ಹೆದರಿ ಕೈಬಿಡುತ್ತಾರೆ. ಹೆದರಬೇಕಾಗಿಲ್ಲ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವಂಥದೇ ಕೆಲಸವಿದು: ಮಾಂಸದೊಳಗಿನ ಒಂದು ಬಗೆಯ ಆಮ್ಲವು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಬಣ್ಣ ಬದಲಿಸುತ್ತದೆ. ನೀಲಿಯಾದದ್ದೆಲ್ಲ ವಿಷವಲ್ಲ. ನೀಲಿಯಾಗದ್ದೆಲ್ಲ ಅಮೃತವೂ ಅಲ್ಲ. ಯುರೋಪಿನವರು ಕೆಂಪು ಬಾಯಿಯ, ನೀಲಿಯಾಗುವ ಬೊಲೀಟುಗಳನ್ನು ದೂರವಿಡುತ್ತಾರೆ. ಸೈತಾನನ ಹೆಸರಿನ ಒಂದು ಜಾತಿಯೇ ಅದರಲ್ಲಿದೆ, ತಿಂದವರಿಗೆ ವಿಪರೀತ ವಾಂತಿ ಭೇದಿ. ಅಲ್ಲಿಯದೇ ಇನ್ನೊಂದು ಎಷ್ಟು ಕಹಿಯೆಂದರೆ ಒಂದು ತುಂಡು ಸೇರಿದರೂ ಪಾತ್ರೆಯ ಸಾರೆಲ್ಲ ಕೆಡುತ್ತದೆ. ಇದೇ ಕುಲದಲ್ಲಿ ಇಟಲಿಯವರ ಪೋರ್ಚಿನಿಯೂ ಉಂಟು. ಫ್ರಾನ್ಸಿನ ಬುಲ್ಯಾರ್ ಎಂಬ ವಿದ್ವಾಂಸನು ೧೭೮೨ರಲ್ಲಿ ಅದನ್ನು ವರ್ಣಿಸಿ, ತಿನ್ನತಕ್ಕದ್ದು ಎಂಬ ಅರ್ಥದ ಶಾಸ್ತ್ರೀಯ ಹೆಸರನ್ನೇ ಇಟ್ಟನು. ಒಣಗಿಸಿದ ಪೋರ್ಚಿನಿ ಈಗ ಮುಂಬಯಿಯ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಬೆಲೆ ಕೇಳಿದರೆ ಸಾಕು, ಹೊಟ್ಟೆ ತುಂಬುತ್ತದೆ.

ಈ ಕುಲವು ನಮಗೇನೂ ಹೊರಗಿನದಲ್ಲ. ಉಡುಪಿ, ಕಾರ್ಕಳ, ಮೂಡಬಿದಿರೆ ಕಡೆಯವರು ಕಲ್ಲಲಂಬು ಎಂದು ಆಸೆಯಿಂದ ಕೊಳ್ಳುವ ಉರುಟು ಅಣಬೆಯನ್ನು ನೆನೆಯಿರಿ. ಅದಕ್ಕೆ ಕೊಡೆಯಿಲ್ಲ, ಕಾಲಿಲ್ಲ, ತೂತುಗಳಿಲ್ಲ. ಗೋಲಿಯ ಹಾಗೆ ಮಣ್ಣಿನಲ್ಲಿ ಹುದುಗಿರುತ್ತದೆ. ಹಾಗಿದ್ದರೂ ಶಾಸ್ತ್ರಜ್ಞರು ಅದನ್ನು ಬೊಲೀಟುಗಳ ಗಣಕ್ಕೇ ಸೇರಿಸಿದ್ದಾರೆ. ಝಾರ್ಖಂಡದವರ ರುಗ್ಡಾ, ಬಸ್ತರಿನವರ ಬೋಡಾ ಎಂಬುವೂ ಇದೇ ಬಳಗದವು. ಅಲ್ಲಿ ಸಾಲ ಮರದ ಕೆಳಗೆ ಏಳುತ್ತವೆ. ನಮ್ಮ ಚಾಳಿನಲ್ಲಿ, ಕಾರಖಾನೆಯಲ್ಲಿ ಆ ಕಡೆಯ ಸಂಗಾತಿಗಳಿದ್ದರೆ ಕೇಳಿ ನೋಡಿರಿ, ಮುಖ ಅರಳುತ್ತದೆ.

ಆದರೆ ಕಲ್ಲಲಂಬಿನ ರೂಪಕ್ಕೆ ಇಬ್ಬರು ವೇಷಧಾರಿಗಳಿದ್ದಾರೆ. ಇಲ್ಲಿ ಚೂರಿಯ ಪಾಠವನ್ನು ಗಮನವಿಟ್ಟು ಓದಿರಿ. ಎಳೆಯ ಕಲ್ಲಲಂಬನ್ನು ಸೀಳಿದರೆ ಗಟ್ಟಿ ಸಿಪ್ಪೆಯೊಳಗೆ ಒಂದೇ ಸಮನಾದ ಬಿಳಿ ತಿರುಳು ಕಾಣುತ್ತದೆ. ಬಲಿತ ಮೇಲೆ ಅದು ಕಪ್ಪಗಾಗಿ ಕಡೆಗೆ ಧೂಳಾಗುತ್ತದೆ. ಮೊದಲನೆಯ ವೇಷಧಾರಿ ಮಣ್ಣುಂಡೆ ಎನ್ನಬಹುದಾದ ಇನ್ನೊಂದು ಉರುಟು ಅಣಬೆ. ಅದೂ ಇದೇ ಗಣದ್ದೇ, ಆದರೆ ಹೊಟ್ಟೆ ಕೆಡಿಸುವಂಥದು. ಅದರ ತಿರುಳು ಬೇಗನೆ ನೇರಳೆ ಮಿಶ್ರಿತ ಕಪ್ಪಿಗೆ ತಿರುಗುತ್ತದೆ. ಎರಡನೆಯದು ಇನ್ನೂ ಘೋರ. ಮರಣದ ಟೊಪ್ಪಿಗೆಯ ಬಳಗದ ಅಣಬೆಗಳು ಹುಟ್ಟುವಾಗ ಮೊಟ್ಟೆಯಾಕಾರದಲ್ಲಿಯೇ ಇರುತ್ತವೆ. ಉದ್ದಕ್ಕೆ ಸೀಳಿದರೆ ಒಳಗೆ ಮಡಚಿಟ್ಟ ಕೊಡೆ, ಕಾಲು, ಹಾಳೆಗಳ ಗೆರೆ, ಗರ್ಭದಲ್ಲಿ ಕೂಸಿನಂತೆ, ಸ್ಪಷ್ಟವಾಗಿ ಕಾಣುತ್ತವೆ. ಅಂಥ ಚಿತ್ರ ಕಂಡರೆ ಒಡನೆ ಎಸೆಯಬೇಕು. ಅಡ್ಡಕ್ಕೆ ಕೊಯ್ದರೆ ಈ ಗೆರೆ ತಪ್ಪಿಹೋಗಬಹುದು, ಉದ್ದಕ್ಕೇ ಸೀಳಬೇಕು.

ಹಾಗಾದರೆ ಬೋರಿವಲಿಯ ಕಾಡಿನಲ್ಲಿ ಬೊಲೀಟ್ ಏಕೆ ಅಪರೂಪ? ಕಾರಣ ಮರದಲ್ಲಿದೆ. ಹೆಚ್ಚಿನ ಬೊಲೀಟುಗಳು ಒಂಟಿಯಾಗಿ ಬಾಳಲಾರವು. ಅವುಗಳ ಎಳೆಗಳು ಕೆಲವೇ ಜಾತಿಯ ಮರಗಳ ಬೇರಿನ ತುದಿಗೆ ಟೊಪ್ಪಿಗೆಯಂತೆ ಸುತ್ತಿಕೊಂಡು, ಮಣ್ಣಿನಿಂದ ನೀರು ಸತ್ವ ಹೀರಿ ಮರಕ್ಕೆ ಕೊಟ್ಟು, ಮರದಿಂದ ಸಕ್ಕರೆ ಪಡೆಯುತ್ತವೆ. ಹಿಮಾಲಯದ ಓಕ್, ಪೈನ್, ಮಧ್ಯಭಾರತದ ಸಾಲ, ನಮ್ಮ ಪಶ್ಚಿಮ ಘಟ್ಟದ ಧೂಪದ ಮರ ಮತ್ತು ಅದರ ನೆಂಟರು, ಇವು ಅಂಥ ಸ್ನೇಹದ ಮರಗಳು. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ನೂರು ಚದರ ಕಿಲೋಮೀಟರಿಗೂ ಹೆಚ್ಚಿನ ಕಾಡಾದರೂ ಅಲ್ಲಿ ಸಾಗುವಾನಿ, ಬಿದಿರು, ಬೂರುಗ, ಕದಂಬಗಳದೇ ಕಾರುಬಾರು. ಸಾಗುವಾನಿಯ ಬೇರಿಗೂ ಶಿಲೀಂಧ್ರದ ಸ್ನೇಹವುಂಟು, ಆದರೆ ಅದು ಬೇರಿನ ಒಳಗೇ ಇರುವ, ಕೊಡೆ ಎತ್ತದ ಬೇರೆ ಜಾತಿಯದು. ಆದುದರಿಂದ ಊರಿನ ಗುಡ್ಡದಲ್ಲಿ ಕಂಡದ್ದನ್ನೇ ಇಲ್ಲಿಯೂ ಕಂಡೆವೆಂದು ಯಾರಾದರೂ ಹೇಳಿದರೆ, ಯಾವ ಮರದ ಕೆಳಗೆ ಎಂದು ನಾವು ಮೊದಲು ಕೇಳುತ್ತೇವೆ. ಮರದ ಹಂಗಿಲ್ಲದ ಒಂದು ಬೊಲೀಟ್ ಮಾತ್ರ ಉಂಟು. ಬಹಳ ದೊಡ್ಡದು, ಕಂದು ಬಣ್ಣ, ಹಳದಿ ತೂತು, ತೋಟಗಳಲ್ಲಿ ಏಳುತ್ತದೆ. ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ದಾಖಲೆಯಾಗಿದೆ. ಥಾಯ್ಲೆಂಡಿನಲ್ಲಿ ಅದನ್ನು ತಿನ್ನುತ್ತಾರೆ, ನೈಋತ್ಯ ಚೀನದಲ್ಲಿ ಕೃಷಿಯನ್ನೂ ಮಾಡುತ್ತಾರೆ.

ಮುಂಬಯಿಯ ಮಳೆಯಲ್ಲಿ ನಮ್ಮವರಿಗೆ ಹೆಚ್ಚಾಗಿ ಎದುರಾಗುವುದು ಬೇರೆ ಎರಡು. ಒಂದು ಹುತ್ತದ ಅಣಬೆ. ಗೆದ್ದಲುಗಳು ತಮ್ಮ ಗೂಡಿನೊಳಗೆ ಸಾಕುವ ಶಿಲೀಂಧ್ರವೇ ಇದರ ಮೂಲ. ಕೊಡೆಯ ನೆತ್ತಿಯಲ್ಲಿ ಮೊನೆ; ಕಾಲು ನೆಲದೊಳಗೆ ಬೇರಿನಂತೆ ನೀಳವಾಗಿ ಇಳಿದು ಗೆದ್ದಲಿನ ಗೂಡನ್ನು ಮುಟ್ಟಿರುತ್ತದೆ. ವಸಯಿ, ಪನವೇಲ್, ಕರ್ಜತ್ ಕಡೆಯ ಆದಿವಾಸಿ ಹೆಂಗಸರು ಮಳೆಗಾಲದಲ್ಲಿ ಮಾರಲು ತರುವುದು ಬಹುಮಟ್ಟಿಗೆ ಇದನ್ನೇ. ಅವರು ಹುಟ್ಟಿದ ಕಾಡು ಅದು. ಅವರ ಕಣ್ಣು ನಮ್ಮ ಅಜ್ಜಿಯ ಕಣ್ಣಿನಂತೆ. ಆ ಕಣ್ಣನ್ನು ನಾವು ಒಂದು ರವಿವಾರದಲ್ಲಿ ಸಂಪಾದಿಸಲಾರೆವು. ಇನ್ನೊಂದು, ಹುಲ್ಲುಹಾಸಿನಲ್ಲಿ ಏಳುವ ದೊಡ್ಡ ಬಿಳಿ ಅಣಬೆ. ತಟ್ಟೆಯಷ್ಟು ಅಗಲ, ಮೇಲೆ ಕಂದು ಹೊಪ್ಪಳೆ, ಕಾಲಿನಲ್ಲಿ ಮೇಲೆ ಕೆಳಗೆ ಸರಿದಾಡುವ ಬಳೆ. ನೋಡಲು ಬಹಳ ಚಂದ. ಇದನ್ನು ತಿಂದವರಿಗೆ ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ಹಿಂಡಿ ವಾಂತಿ ಭೇದಿ ಶುರುವಾಗುತ್ತದೆ. ಎಳೆಯದರಲ್ಲಿ ಹಾಳೆಗಳೂ ಬಿಳಿಯೇ. ಇದರ ಗುಟ್ಟು ಬಯಲಾಗುವುದು ಧೂಳಿನ ಬಣ್ಣದಿಂದ: ಹಸುರು.

ಧೂಳಿನ ಅಚ್ಚು ತೆಗೆಯುವುದು ಸುಲಭ. ಅರಳಿದ ಕೊಡೆಯ ಕಾಲನ್ನು ಕೊಯ್ದು, ಅರ್ಧ ಬಿಳಿ ಹಾಳೆಯ ಮೇಲೂ ಅರ್ಧ ಕಪ್ಪು ಹಾಳೆಯ ಮೇಲೂ ಬರುವಂತೆ ಅಡಿಮುಖವಾಗಿ ಇಡಿರಿ. ಮೇಲೊಂದು ಲೋಟ ಕವುಚಿ ರಾತ್ರಿಯಿಡೀ ಬಿಡಿರಿ. ಬೆಳಿಗ್ಗೆ ಎತ್ತಿದರೆ ಹಾಳೆಯ ಸಾಲುಗಳೋ ತೂತಿನ ಚುಕ್ಕೆಗಳೋ ರಬ್ಬರ್ ಮುದ್ರೆ ಒತ್ತಿದಂತೆ ಮೂಡಿರುತ್ತವೆ. ಬೊಲೀಟಿನದು ಹೆಚ್ಚಾಗಿ ಹಸುರು ಛಾಯೆಯ ಕಂದು, ಕೆಲವದು ನಸುಗೆಂಪು. ಹುತ್ತದ ಅಣಬೆಯದೂ ಬತ್ತದ ಹುಲ್ಲಿನದೂ ನಸುಗೆಂಪು. ಮರಣದ ಟೊಪ್ಪಿಗೆಯದು ಬಿಳಿ. ಕಪ್ಪು ಹಾಳೆ ಬೇಕಾದದ್ದು ಅದಕ್ಕೇ. ಅಭ್ಯಾಸಕ್ಕೆ ಮಾರುಕಟ್ಟೆಯ ಗುಂಡಿ ಅಣಬೆಯಲ್ಲಿ ಅರಳಿದ ಒಂದನ್ನು ಆರಿಸಿ ತನ್ನಿರಿ. ರುಚಿ ಸಪ್ಪೆಯೆಂದು ನಮ್ಮ ಅಭಿಪ್ರಾಯ, ಆದರೆ ಅಚ್ಚು ಮಾತ್ರ ಸೊಗಸಾದ ಚಾಕೊಲೇಟ್ ಬಣ್ಣದ್ದು. ಅಣಬೆಯನ್ನು ಮುಟ್ಟಿದರೆ ವಿಷ ಏರುವುದಿಲ್ಲ, ಕೈ ತೊಳೆದರಾಯಿತು.

ಇನ್ನು ಬೆಳ್ಳಿಯ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿಯೋ ಅಕ್ಕಿಯೋ ಬಣ್ಣ ಬದಲಿಸಿದರೆ ವಿಷ, ಅರಸಿನ ಹಾಕಿ ಕುದಿಸಿದರೆ ವಿಷ ಹೋಗುತ್ತದೆ, ಹುಳು ತಿಂದದ್ದು ಮನುಷ್ಯರಿಗೂ ಆಗುತ್ತದೆ ಎಂಬ ಮಾತುಗಳು. ಇವೆಲ್ಲ ಶುದ್ಧ ಸುಳ್ಳು. ಮರಣದ ಟೊಪ್ಪಿಗೆಯ ವಿಷ ಬೆಳ್ಳಿಗೆ ತಿಳಿಯುವುದಿಲ್ಲ, ಕುದಿತಕ್ಕೆ ಅಳಿಯುವುದಿಲ್ಲ, ಒಣಗಿಸಿದರೂ ಉಳಿಯುತ್ತದೆ. ಬಸವನಹುಳು ಅದನ್ನು ನೆಮ್ಮದಿಯಿಂದ ಮೇಯುತ್ತದೆ. ತಿಂದವರು ರುಚಿಯಾಗಿತ್ತೆಂದೇ ಹೇಳಿದ್ದಾರೆ.

ಆ ವಿಷದ ನಡತೆಯನ್ನು ಪಾಳಿಯಲ್ಲಿ ದುಡಿಯುವವರು ವಿಶೇಷವಾಗಿ ತಿಳಿದಿರಬೇಕು. ರಾತ್ರಿ ಒಂಬತ್ತಕ್ಕೆ ಉಂಡವನು ಸುಖವಾಗಿ ಮಲಗುತ್ತಾನೆ. ಆರು ಗಂಟೆ ಕಳೆದ ಮೇಲೆ, ಬಹಳ ಸಲ ಹತ್ತು ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಗಿನ ಪಾಳಿಯ ಹೊತ್ತಿಗೆ, ವಾಂತಿ ಭೇದಿ ಆರಂಭ. ನಿನ್ನೆಯ ಅಣಬೆ ಯಾರಿಗೂ ನೆನಪಾಗುವುದಿಲ್ಲ. ಒಂದು ದಿನದ ಮೇಲೆ ಭೇದಿ ನಿಂತು ಆರಾಮವಾದಂತೆ ತೋರುತ್ತದೆ. ರಜೆ ಹೋದೀತೆಂದು ಮನುಷ್ಯ ಕೆಲಸಕ್ಕೆ ಹೊರಡುತ್ತಾನೆ. ಆ ಆರಾಮವೇ ಮೋಸ. ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಮೂರನೆಯ ನಾಲ್ಕನೆಯ ದಿನಕ್ಕೆ ಕಣ್ಣು ಹಳದಿಯಾಗುತ್ತದೆ. ಆದುದರಿಂದ ಕಾಡಿನ ಅಣಬೆ ತಿಂದು ಎಷ್ಟು ಹೊತ್ತಿಗೆ ವಾಂತಿಯಾದರೂ, ಅದು ನಿಂತಿದ್ದರೂ ಸಹ, ಪರೇಲಿನ ಕೆ.ಇ.ಎಂ. ಅಥವಾ ಸಾಯನ್ನಿನಂಥ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗತಕ್ಕದ್ದು. ಉಳಿದ ಅಣಬೆಯ ತುಂಡನ್ನು, ಇಲ್ಲವಾದರೆ ಹೆಚ್ಚಿದ ಸಿಪ್ಪೆಯನ್ನು, ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಗ ಕೊಳೆಯುತ್ತದೆ. ತಿಂದ ಹೊತ್ತು, ವಾಂತಿ ಶುರುವಾದ ಹೊತ್ತು, ಎರಡನ್ನೂ ಡಾಕ್ಟರರಿಗೆ ಹೇಳಿರಿ. ಜೊತೆಗೆ ಉಂಡವರೆಲ್ಲರನ್ನೂ, ಅವರಿಗೆ ಏನೂ ಆಗಿರದಿದ್ದರೂ, ಕರೆದುಕೊಂಡು ಹೋಗಿರಿ. ಬಾಡಿಗೆ ಖೋಲಿಯಲ್ಲಿ ಒಂದೇ ಪಾತ್ರೆಯಿಂದ ಆರು ಜನ ಉಣ್ಣುವವರು ನಾವು.

ರಾಷ್ಟ್ರೀಯ ಉದ್ಯಾನದೊಳಗಿಂದ ಅಣಬೆಯಾಗಲಿ ಎಲೆಯಾಗಲಿ ಕಿತ್ತು ತರುವುದು ೧೯೭೨ರ ವನ್ಯಜೀವಿ ಸಂರಕ್ಷಣೆ ಕಾನೂನಿನಂತೆ ಅಪರಾಧವೂ ಹೌದು. ಅಲ್ಲಿ ಬಗ್ಗಿ ನೋಡಿರಿ, ಚಿತ್ರ ತೆಗೆಯಿರಿ. ಅಡಿಯನ್ನು ಕೀಳದೆ ನೋಡಲು ಒಂದು ಸಣ್ಣ ಕನ್ನಡಿಯನ್ನು ನೆಲಕ್ಕೆ ಹಿಡಿದರೆ ಸಾಕು. ಸೀಳುವ, ಅಚ್ಚು ತೆಗೆಯುವ ಅಭ್ಯಾಸಕ್ಕೆ ನಮ್ಮ ಚಾಳಿನ ಅಂಗಳದಲ್ಲಿ ಏಳುವುವೇ ಬೇಕಾದಷ್ಟಿವೆ.

ವಾಚನಾಲಯದಲ್ಲಿ ಇದಕ್ಕೆಂದು ಒಂದು ರೂಲುಪುಸ್ತಕ ಇಟ್ಟಿದ್ದೇವೆ. ತಾರೀಖು, ಜಾಗ, ಹತ್ತಿರದ ಮರ, ನೆಲದಲ್ಲೋ ಸೌದೆಯಲ್ಲೋ, ಅಡಿಯಲ್ಲಿ ಹಾಳೆಯೋ ತೂತೋ, ಕಾಲಿಗೆ ಬಳೆ, ಬುಡಕ್ಕೆ ಬಟ್ಟಲು, ಸೀಳಿದ ಮೇಲಿನ ಬಣ್ಣ, ಧೂಳಿನ ಬಣ್ಣ, ಹೀಗೆ ಕಾಲಮುಗಳನ್ನು ಗೀಚಿದೆ. ಹೆಸರಿನ ಕಾಲಮು ಕೊನೆಯದು. ತಿಳಿಯದಿದ್ದರೆ ಖಾಲಿ ಬಿಡಬಹುದು. ಊರಿನಲ್ಲಿ ಅದಕ್ಕೆ ಏನೆನ್ನುತ್ತಾರೆಂಬುದು ಗೊತ್ತಿದ್ದವರು ಊರಿನ ಹೆಸರಿನೊಂದಿಗೆ ಅದನ್ನೂ ಬರೆಯಲಿ. ಪುಸ್ತಕವು ದಿನಪತ್ರಿಕೆಗಳ ಮೇಜಿನ ಪಕ್ಕದ ಕಪಾಟಿನಲ್ಲಿದೆ, ಪೆನ್ಸಿಲನ್ನು ದಾರದಿಂದ ಕಟ್ಟಿದೆ.